ಘಾಟಿ ರಸ್ತೆಗೆ ಬ್ಯಾಟರಿ ಲಾರಿ

ಭಾರಿ ಲಾರಿಗಳನ್ನು ಡೀಸೆಲ್‌ನಿಂದ ಬ್ಯಾಟರಿಗೆ ಹೊರಳಿಸಲು ಕೇಂದ್ರ ಸರ್ಕಾರ ನೇರ ಸಹಾಯಧನ ಕೊಡುತ್ತಿರುವುದು ಪಿಎಂ ಇ-ಡ್ರೈವ್ ಯೋಜನೆಯಡಿ. 2024ರ ಅಕ್ಟೋಬರ್ 1ರಂದು ಜಾರಿಗೆ ಬಂದ ಈ ಯೋಜನೆಯ ಒಟ್ಟು ಮೊತ್ತ 10,900 ಕೋಟಿ ರೂಪಾಯಿ. ಅದರಲ್ಲಿ ಲಾರಿಗಳಿಗೆ 500 ಕೋಟಿ. ದೇಶದ ವಾಹನಗಳಲ್ಲಿ ಡೀಸೆಲ್ ಲಾರಿಗಳು ಶೇ 3ರಷ್ಟು ಮಾತ್ರ. ಆದರೆ ಸಾರಿಗೆ ವಲಯ ಹೊರಬಿಡುವ ಹಸಿರುಮನೆ ಅನಿಲಗಳಲ್ಲಿ ಅವುಗಳ ಪಾಲು ಶೇ 42 ಎಂಬುದು ಸರ್ಕಾರದ್ದೇ ಲೆಕ್ಕ.

ಲಾರಿಗಳ ಮಾರ್ಗಸೂಚಿ ಹೊರಬಿದ್ದದ್ದು 2025ರ ಜುಲೈನಲ್ಲಿ. ಲೋಡು ಸೇರಿ ಮೂರೂವರೆ ಟನ್‌ನಿಂದ 55 ಟನ್‌ವರೆಗೆ ತೂಗುವ ಸುಮಾರು 5,600 ಲಾರಿಗಳಿಗೆ ನೆರವು ಸಿಗುತ್ತದೆ. ಒಂದು ಲಾರಿಗೆ ಗರಿಷ್ಠ 9.6 ಲಕ್ಷ ರೂಪಾಯಿ. ಕೊಳ್ಳುವವರು ಕಚೇರಿ ಸುತ್ತಬೇಕಿಲ್ಲ. ಬೆಲೆಯಲ್ಲೇ ಅಷ್ಟು ಇಳಿಸಿ ಮಾರುವ ಕಂಪನಿ, ಆ ಹಣವನ್ನು ಸರ್ಕಾರದಿಂದ ಪಡೆಯುತ್ತದೆ. ಬ್ಯಾಟರಿಗೆ ಐದು ವರ್ಷ ಅಥವಾ ಐದು ಲಕ್ಷ ಕಿಲೋಮೀಟರ್ ವಾರಂಟಿ ಕಡ್ಡಾಯ. ಹಳೆಯ ಲಾರಿಯನ್ನು ಗುಜರಿಗೆ ಹಾಕಿದ ಪ್ರಮಾಣಪತ್ರವೂ ಬೇಕು. ಈ ಕೊನೆಯ ಷರತ್ತು ಸರಿಯಾದದ್ದೇ: ಹೊಸದು ಬಂದು ಹಳೆಯದೂ ಓಡುತ್ತಿದ್ದರೆ ಹೊಗೆ ಕಡಿಮೆಯಾಗುವುದಿಲ್ಲ.

ಇದಕ್ಕೆ ಮೊದಲೇ ಕೆಲವು ರಿಯಾಯಿತಿಗಳು ಬಂದಿದ್ದವು. 2018ರಲ್ಲಿ ಬ್ಯಾಟರಿ ಚಾಲಿತ ಸಾರಿಗೆ ವಾಹನಗಳಿಗೆ ಪರ್ಮಿಟ್‌ನಿಂದ ವಿನಾಯಿತಿ ಸಿಕ್ಕಿತು. 2019ರ ಆಗಸ್ಟ್‌ನಿಂದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ವಿದ್ಯುತ್ ವಾಹನಗಳಿಗೆಂದೇ 2017ರಲ್ಲಿ ನೀತಿ ರೂಪಿಸಿದ ಕರ್ನಾಟಕ, ಈ ವಿಷಯದಲ್ಲಿ ದೇಶದ ಮೊದಲ ರಾಜ್ಯ. 2025ರಲ್ಲಿ ಪ್ರಕಟವಾದ ಅದರ ಸ್ವಚ್ಛ ಸಂಚಾರ ನೀತಿ 50,000 ಕೋಟಿ ರೂಪಾಯಿ ಹೂಡಿಕೆಯ ಗುರಿ ಇಟ್ಟುಕೊಂಡಿದೆ. ಅದರ ಒತ್ತು ಕೊಳ್ಳುವವರಿಗಿಂತ ತಯಾರಿಸುವವರ ಕಡೆಗೇ ಹೆಚ್ಚು.

ಮಲೆನಾಡಿಗೆ ಬಂದರೆ ಬ್ಯಾಟರಿ ಲಾರಿಯ ಲಾಭ ಇನ್ನಷ್ಟು ಸ್ಪಷ್ಟವಾಗುತ್ತದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಭಾರಿ ವಾಹನಗಳಿಗೆ ಅವಕಾಶವಿಲ್ಲ. ತೀರ್ಥಹಳ್ಳಿ ಕಡೆಯಿಂದ ಕರಾವಳಿಗೆ ಹೋಗುವ ಲಾರಿ ಮಾಸ್ತಿಕಟ್ಟೆ, ಹುಲಿಕಲ್ ಮೂಲಕ ಹೊಸಂಗಡಿಗೆ ಇಳಿಯಬೇಕು. ಡೀಸೆಲ್ ಲಾರಿಯ ಚಾಲಕ ಸಣ್ಣ ಗೇರಿನಲ್ಲಿ ಇಂಜಿನ್ನನ್ನು ತಡೆದು ಹಿಡಿಯುತ್ತಾ, ನಡುನಡುವೆ ಬ್ರೇಕ್ ಒತ್ತುತ್ತಾ ಇಳಿಸುತ್ತಾನೆ. ಇಳಿಜಾರಿನ ಶಕ್ತಿಯೆಲ್ಲ ಬರೀ ಬಿಸಿಯಾಗಿ ಹೋಗುತ್ತದೆ. ಬ್ಯಾಟರಿ ಲಾರಿಯಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೊಡನೆ ಮೋಟರೇ ಜನರೇಟರ್ ಆಗಿ ಗಾಲಿಗಳನ್ನು ತಡೆಯುತ್ತದೆ, ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. ಬ್ರೇಕ್ ಕಾಯುವುದಿಲ್ಲ, ಸವೆತವೂ ಕಡಿಮೆ. ಆದರೆ ಘಾಟಿಯ ತಲೆಯಲ್ಲಿ ಬ್ಯಾಟರಿ ತುಂಬಿಯೇ ಇದ್ದರೆ ಬರುವ ವಿದ್ಯುತ್ತಿಗೆ ಜಾಗವಿರುವುದಿಲ್ಲ. ಲೋಡು ಹೊತ್ತು ಏರುವಾಗಲಂತೂ ಬಳಕೆ ಬಲವಾಗಿ ಹೆಚ್ಚುತ್ತದೆ. ಆದ್ದರಿಂದ ಚಾರ್ಜಿಂಗ್ ಕೇಂದ್ರ ಬೇಕಾಗಿರುವುದು ಘಾಟಿಯ ಬುಡದಲ್ಲಿ.

ಆ ಬುಡದಲ್ಲೇ, ಹೊಸಂಗಡಿಯಲ್ಲಿ, 460 ಮೆಗಾವಾಟ್ ಸಾಮರ್ಥ್ಯದ ವಾರಾಹಿ ಭೂಗರ್ಭ ವಿದ್ಯುದಾಗಾರವಿದೆ. ಅದಕ್ಕೆ ನೀರು ಹೋಗುವುದು ಹೊಸನಗರ ತಾಲ್ಲೂಕಿನ ಮಾಣಿ ಜಲಾಶಯದಿಂದ. ಜಲವಿದ್ಯುತ್ತಿಗಾಗಿ ಊರು, ಗದ್ದೆಗಳನ್ನು ಮುಳುಗಿಸಿಕೊಂಡ ನಾಡಿನ ಲಾರಿಗಳು ಆ ವಿದ್ಯುತ್ತಿನಿಂದ ಓಡುವುದು ನ್ಯಾಯವೇ. ಆದರೆ ವಿದ್ಯುದಾಗಾರ ಪಕ್ಕದಲ್ಲಿದ್ದರೆ ಸಾಲದು. ಲಾರಿಗಳಿಗೆ ತಕ್ಕ ಟ್ರಾನ್ಸ್‌ಫಾರ್ಮರ್ ಮತ್ತು ಲೈನು ಬೇಕು. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಗೆ ಪಿಎಂ ಇ-ಡ್ರೈವ್‌ನಲ್ಲಿ 2,000 ಕೋಟಿ ರೂಪಾಯಿ ಇದೆ. ಅದು ಮಹಾನಗರಗಳಲ್ಲೇ ಖರ್ಚಾಗಿ ಹೋಗಬಾರದು.

ಮೊದಲ ಬದಲಾವಣೆ ಘಾಟಿಯಲ್ಲಿ ಅಲ್ಲ, ಅಡಿಕೆ ಸಾಗಣೆಯಲ್ಲಿ ಸುಲಭ. ಕುಪ್ಪಳ್ಳಿ ಸುತ್ತಿನ ತೋಟಗಳ ಅಡಿಕೆ ತೀರ್ಥಹಳ್ಳಿಯಿಂದ ಶಿವಮೊಗ್ಗ ಮಾರುಕಟ್ಟೆಗೆ ಹೋಗುವ ದಾರಿ ಸುಮಾರು 60 ಕಿಲೋಮೀಟರ್. ಬೆಳಿಗ್ಗೆ ಹೋಗಿ ಸಂಜೆ ಮರಳುವ ಮಧ್ಯಮ ಗಾತ್ರದ ಲಾರಿ, ರಾತ್ರಿ ನಿಂತಲ್ಲೇ ಚಾರ್ಜ್ ಆಗಬಹುದು.

ಸಹಾಯಧನದಾಚೆಗೂ ದಾರಿಗಳಿವೆ. ಜರ್ಮನಿ ಬ್ಯಾಟರಿ ಲಾರಿಗಳಿಗೆ ಹೆದ್ದಾರಿ ಟೋಲ್ ಮನ್ನಾ ಮಾಡಿತು. ಬ್ಯಾಟರಿಯ ತೂಕದಿಂದ ಬಾಡಿಗೆಯ ಲೋಡು ಕಡಿಮೆಯಾಗಬಾರದೆಂದು ಐರೋಪ್ಯ ಒಕ್ಕೂಟ ಇಂಥ ಲಾರಿಗಳಿಗೆ ಎರಡು ಟನ್‌ವರೆಗೆ ಹೆಚ್ಚುವರಿ ತೂಕ ಅನುಮತಿಸಿದೆ. ಇವೆರಡೂ ಮಾಲೀಕನ ದಿನದಿನದ ಲೆಕ್ಕಕ್ಕೆ ನೇರವಾಗಿ ತಟ್ಟುವ ಕ್ರಮಗಳು. ಭಾರತದಲ್ಲಿ ಬಹುಪಾಲು ಲಾರಿಗಳು ಕೆಲವೇ ಗಾಡಿ ಇಟ್ಟುಕೊಂಡವರ ಕೈಯಲ್ಲಿವೆ. ಡೀಸೆಲ್ ಲಾರಿಗಿಂತ ಬಹಳ ದುಬಾರಿಯಾದ ಬ್ಯಾಟರಿ ಲಾರಿಗೆ ಅವರು ಸಾಲ ಮಾಡಲೇಬೇಕು. ಸಹಾಯಧನ ಕಳೆದರೂ ಕಂತು ದೊಡ್ಡದಾಗಿಯೇ ಉಳಿಯುತ್ತದೆ. ಬಡ್ಡಿ ರಿಯಾಯಿತಿ ಮತ್ತು ಸಾಲಕ್ಕೆ ಸರ್ಕಾರದ ಖಾತರಿ ಸಿಕ್ಕರೆ ಮಾತ್ರ, 2028ರ ಮಾರ್ಚ್‌ವರೆಗೆ ವಿಸ್ತರಿಸಿರುವ ಈ ಯೋಜನೆ ದೊಡ್ಡ ಕಂಪನಿಗಳಾಚೆ ತೀರ್ಥಹಳ್ಳಿ, ಸಾಗರ, ಹೊಸನಗರಗಳ ಲಾರಿ ಮಾಲೀಕರನ್ನು ತಲುಪೀತು.