ನರ್ಸಮ್ಮನೂ ದುಡಿಯುವವಳೇ

(ಮೊಸಳೆ ಗ್ರಾಮದ ಸಭೆಯಲ್ಲಿ ಮಾಡಿದ ಭಾಷಣ)



2025ರ ಸೆಪ್ಟೆಂಬರ್ 12ರ ರಾತ್ರಿಯನ್ನು ಈ ಸೀಮೆಯವರಿಗೆ ನಾವು ನೆನಪು ಮಾಡಿಕೊಡಬೇಕಾಗಿಲ್ಲ. ಇಲ್ಲೇ ಮೊಸಳೆ ಹೊಸಹಳ್ಳಿಯಲ್ಲಿ ಗಣಪತಿ ಬಿಡಲು ಹೊರಟಿದ್ದ ಮೆರವಣಿಗೆಯ ಮೇಲೆ ಲಾರಿ ನುಗ್ಗಿತು. ಓದುವ ವಯಸ್ಸಿನ ಹುಡುಗರು ಪ್ರಾಣ ಬಿಟ್ಟರು. ಗಾಯಗೊಂಡವರನ್ನು ಹಾಸನದ ಆಸ್ಪತ್ರೆಗಳಿಗೆ ಒಯ್ದರು. ಬಂದು ನೋಡಿ ಹೋದ ದೊಡ್ಡವರ ಹೆಸರು ಎಲ್ಲರಿಗೂ ಗೊತ್ತು. ಅವರು ಬಂದದ್ದು ತಪ್ಪಲ್ಲ. ಆದರೆ ನಾವು ಒಂದು ಪ್ರಶ್ನೆ ಕೇಳುತ್ತೇವೆ. ಅಂಥ ರಾತ್ರಿಗಳಲ್ಲಿ ಪಾಳಿಯ ಮೇಲಿದ್ದು, ರಕ್ತ ಒರೆಸಿ, ಸೂಜಿ ಹಾಕಿ, ಬೆಳಗಿನ ತನಕ ಮಂಚದಿಂದ ಮಂಚಕ್ಕೆ ಓಡಾಡುವ ನರ್ಸಮ್ಮಂದಿರಲ್ಲಿ ಒಬ್ಬಳ ಹೆಸರಾದರೂ ನಮ್ಮಲ್ಲಿ ಯಾರಿಗಾದರೂ ಗೊತ್ತೇ? ಅವಳ ಸಂಬಳವೆಷ್ಟು, ಅವಳು ಮನೆಗೆ ಹೋಗುವುದು ಯಾವ ಬಸ್ಸಿಗೆ, ಅವಳಿಗೆ ಕಾಲು ಚಾಚಲು ಒಂದು ಕೋಣೆಯಾದರೂ ಇದೆಯೇ, ಎಂದು ನಾವು ಎಂದಾದರೂ ವಿಚಾರಿಸಿದ್ದೇವೆಯೇ?

ಇಲ್ಲ. ಬದಲಿಗೆ ಒಂದು ಮಾತು ಹೇಳಿ ಕೈ ತೊಳೆದುಕೊಂಡಿದ್ದೇವೆ. 'ನರ್ಸಮ್ಮ ದೇವರಂಥವಳು, ಅವಳದು ಸೇವೆ' ಎನ್ನುತ್ತೇವೆ. ಇವತ್ತು ನಾವು ಮಾತನಾಡಬೇಕೆಂದಿರುವುದು ಈ 'ಸೇವೆ' ಎಂಬ ಶಬ್ದದ ವಿಷಯವಾಗಿಯೇ.

ಗಿರಣಿಯಲ್ಲಿ ದುಡಿಯುವ ಅಣ್ಣತಮ್ಮಂದಿರು ಇಲ್ಲಿದ್ದೀರಿ. ಜನರ ಮಾನ ಮುಚ್ಚುವ ಬಟ್ಟೆ ನೇಯುವುದು ಪುಣ್ಯದ ಕೆಲಸ, ಆದ್ದರಿಂದ ಅರ್ಧ ಕೂಲಿಗೆ ನೇಯಿರಿ ಎಂದು ಮಾಲೀಕ ಹೇಳಿದರೆ ಒಪ್ಪುತ್ತೀರಾ? ಅಂಗಡಿ ಇಟ್ಟವರೂ ಇದ್ದೀರಿ. ಅಕ್ಕಿ ಮಾರುವುದೆಂದರೆ ಅನ್ನದಾನ, ಅಸಲಿಗಿಂತ ಕಡಿಮೆಗೆ ಕೊಡಿ ಎಂದರೆ ತಕ್ಕಡಿ ಕೆಳಗಿಡುತ್ತೀರಿ. ಹಾಗಿದ್ದ ಮೇಲೆ ನರ್ಸಮ್ಮನ ವಿಷಯದಲ್ಲಿ ಮಾತ್ರ ಪುಣ್ಯವೇಕೆ ಸಂಬಳದ ಬದಲಿಗೆ ನಿಲ್ಲಬೇಕು? ಸೇವೆ ಎಂಬುದು ಒಳ್ಳೆಯ ಶಬ್ದ. ಆದರೆ ಅದನ್ನು ಹೇಳುತ್ತಿರುವವನು ಯಾರು, ಕೊಡುವವನೋ ತೆಗೆದುಕೊಳ್ಳುವವನೋ, ಎಂಬುದನ್ನು ನೋಡಬೇಕು.

ಮೊದಲು ಕೆಲಸದ ಲೆಕ್ಕ ನೋಡೋಣ. ಸ್ವಾತಂತ್ರ್ಯಕ್ಕೆ ಮುಂಚೆ, 1946ರಲ್ಲಿ, ಭೋರ್ ಸಮಿತಿ ವರದಿ ಕೊಟ್ಟಾಗ ಈ ದೇಶದಲ್ಲಿ 43,000 ಜನಕ್ಕೆ ಒಬ್ಬ ನರ್ಸ್ ಇದ್ದಳು. ಅಲ್ಲಿಂದ ನಾವು ಬಹಳ ದೂರ ಬಂದಿದ್ದೇವೆ, ನಿಜ. ಊರೂರಿನಲ್ಲಿ ನರ್ಸಿಂಗ್ ಶಾಲೆಗಳಾಗಿವೆ. 2006ರಲ್ಲಿ ಹಾಸನಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂತು. ಇಂಥ ಬೋಧನಾ ಆಸ್ಪತ್ರೆಗಳ ಸಾಮಾನ್ಯ ವಾರ್ಡಿನಲ್ಲಿ 3 ಮಂಚಕ್ಕೆ ಒಬ್ಬ ನರ್ಸ್, ಅಂದರೆ ಪಾಳಿಗೆ 9 ಮಂಚಕ್ಕೆ ಒಬ್ಬಳು ಇರಬೇಕು, ರಜೆಗೆ ಹೋದವರ ಜಾಗಕ್ಕೆಂದು ನೂರಕ್ಕೆ 30 ಮಂದಿ ಹೆಚ್ಚಿಗೆ ಇರಬೇಕು ಎಂದು ಭಾರತೀಯ ನರ್ಸಿಂಗ್ ಕೌನ್ಸಿಲ್ ಅಳತೆ ಹಾಕಿಕೊಟ್ಟಿದೆ. ನಿಮ್ಮ ಮನೆಯವರು ಯಾವುದೇ ಆಸ್ಪತ್ರೆಯಲ್ಲಿ ಮಲಗಿದ್ದಾಗ ರಾತ್ರಿ ಎದ್ದು ಒಮ್ಮೆ ಎಣಿಸಿ ನೋಡಿ. ಮಂಚ ಎಷ್ಟು, ನರ್ಸಮ್ಮ ಎಷ್ಟು? ಕರೆದರೆ ಬರಲಿಲ್ಲ ಎಂದು ಬೈಯುವ ಮೊದಲು ಈ ಎಣಿಕೆ ಆಗಬೇಕು. ಒಬ್ಬ ಕೆಲಸಗಾರನಿಗೆ ನಾಲ್ಕು ಜನರ ಮಗ್ಗ ವಹಿಸಿದರೆ ನೂಲು ಕಡಿಯುತ್ತದೆ. ಒಬ್ಬ ನರ್ಸಮ್ಮನಿಗೆ ನಾಲ್ಕು ಜನರ ವಾರ್ಡು ವಹಿಸಿದರೆ ಕಡಿಯುವುದು ನೂಲಲ್ಲ.

ಇನ್ನು ನಮ್ಮ ಕನ್ನಡ ನಾಡಿನ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇವೆ. ಅರುಣಾ ಶಾನಭಾಗ. ಉತ್ತರ ಕನ್ನಡ ಜಿಲ್ಲೆ, ಹೊನ್ನಾವರ ತಾಲ್ಲೂಕಿನ ಹಳದೀಪುರದವಳು. ಊರು ಬಿಟ್ಟು ಮುಂಬಯಿಗೆ ಹೋಗಿ ನರ್ಸ್ ಆದಳು. ಸೇರಿದ್ದು ಗಿರಣಿ ಕೆಲಸಗಾರರ ಪರೇಲಿನಲ್ಲಿರುವ ಕೆ.ಇ.ಎಂ. ಆಸ್ಪತ್ರೆಗೆ. 1973ರ ನವೆಂಬರ್ 27ರಂದು ಕೆಲಸ ಮುಗಿಸಿ, ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಾಯಿಸುತ್ತಿದ್ದಳು. ಅದೇ ಆಸ್ಪತ್ರೆಯ ವಾರ್ಡಿನ ಆಳೊಬ್ಬ ನಾಯಿ ಕಟ್ಟುವ ಸರಪಳಿಯಿಂದ ಅವಳ ಕತ್ತು ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ಉಸಿರು ಹೋಗದೆ, 25 ವರ್ಷದ ಆ ಹುಡುಗಿ ಮಂಚ ಹಿಡಿದವಳು ಮತ್ತೆ ಏಳಲಿಲ್ಲ. 2015ರ ಮೇ 18ರಂದು ಅದೇ ಆಸ್ಪತ್ರೆಯಲ್ಲಿ ತೀರಿಕೊಂಡಳು. ನಲವತ್ತೊಂದು ವರ್ಷಕ್ಕೂ ಮೇಲೆ. ಮಾಡಿದವನಿಗೆ ಆದದ್ದು ಕೊಲೆ ಯತ್ನ ಮತ್ತು ದರೋಡೆಗೆ ಏಳು ವರ್ಷ. ಅತ್ಯಾಚಾರದ ಆಪಾದನೆಯನ್ನೇ ಅವನ ಮೇಲೆ ಹೊರಿಸಲಿಲ್ಲ.

ಬಂಧುಗಳೇ, ಇದರಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಿ. ದಿನವೆಲ್ಲ ಪರರ ಮೈ ತೊಳೆದು ಬಟ್ಟೆ ಬದಲಾಯಿಸುತ್ತಿದ್ದ ನರ್ಸ್ ತನ್ನ ಬಟ್ಟೆ ಬದಲಾಯಿಸಲು ನೆಲಮಾಳಿಗೆಗೆ ಇಳಿಯಬೇಕಾಗಿತ್ತು. ಚಿಲಕವಿರುವ ಒಂದು ಕೋಣೆ, ಬೆಳಕು, ಹೊರಗೊಬ್ಬ ಕಾವಲಿನವನು. ಇಷ್ಟಕ್ಕೆ ಎಷ್ಟು ಖರ್ಚಾಗುತ್ತಿತ್ತು?

ಎರಡನೆಯ ಸಂಗತಿ ಇನ್ನೂ ದೊಡ್ಡದು. ಅಂದು ಮುಂಬಯಿಯ ನರ್ಸ್‌ಗಳು ಮುಷ್ಕರ ಹೂಡಿದರು. ಅರುಣಾಳ ಆರೈಕೆಗಾಗಿ, ತಮ್ಮ ಕೆಲಸದ ಸ್ಥಿತಿಗತಿಗಾಗಿ. ಮುಂದೆ ಅವಳನ್ನು ಅಲ್ಲಿಂದ ಸಾಗಹಾಕಲು ನಗರಪಾಲಿಕೆ ಹೊರಟಾಗ ನರ್ಸ್‌ಗಳೇ ತಡೆದು ನಿಂತರು. ಒಂದು ತಲೆಮಾರು ನಿವೃತ್ತಿಯಾಗಿ ಇನ್ನೊಂದು ತಲೆಮಾರು ಬಂದರೂ ಅವಳ ಪಾಳಿ ತಪ್ಪಲಿಲ್ಲ. 2011ರಲ್ಲಿ ಅವಳ ವಿಷಯ ಸುಪ್ರೀಂ ಕೋರ್ಟಿಗೆ ಬಂದಾಗ, ಅಷ್ಟು ವರ್ಷ ಮಲಗಿದ ಮೈಯಲ್ಲಿ ಒಂದು ಹಾಸಿಗೆ ಹುಣ್ಣೂ ಇಲ್ಲವೆಂಬ ಮಾತು ಹೊರಬಿತ್ತು. ಮಲಗಿದ ರೋಗಿಯನ್ನು ಮನೆಯಲ್ಲಿ ನೋಡಿಕೊಂಡವರಿಗೆ ಈ ಮಾತಿನ ತೂಕ ಗೊತ್ತು. ಸೇವೆ ಎಂದರೆ ಇದು. ಆದರೆ ಈ ಸೇವೆ ಮಾಡಿದವರೇ ಮುಷ್ಕರವನ್ನೂ ಹೂಡಿದವರು. ಹಕ್ಕು ಕೇಳುವ ನರ್ಸಿಗೆ ಕರುಣೆ ಇಲ್ಲ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೇ?

ಅದು ಹಳೆಯ ಕಾಲ ಎಂದು ಯಾರಾದರೂ ಹೇಳಬಹುದು. 2024ರ ಆಗಸ್ಟ್ 9ರಂದು ಕಲ್ಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಡಾಕ್ಟರ್ ಹುಡುಗಿಯ ಮೇಲೆ ಅತ್ಯಾಚಾರ ನಡೆದು ಕೊಲೆಯಾಯಿತು. ಅವಳು ವಿಶ್ರಾಂತಿಗೆಂದು ಹೋಗಿದ್ದುದು ಸೆಮಿನಾರ್ ಕೋಣೆಗೆ. ಅರ್ಧ ಶತಮಾನ ಕಳೆದಿತ್ತು. ರಾತ್ರಿ ದುಡಿಯುವ ಹೆಣ್ಣಿಗೆ ಭದ್ರವಾದ ಒಂದು ಕೋಣೆಯ ಪ್ರಶ್ನೆ ಹಾಗೆಯೇ ಇತ್ತು. ದೇಶವೆಲ್ಲ ಬೀದಿಗಿಳಿದ ಮೇಲೆ ಸುಪ್ರೀಂ ಕೋರ್ಟು ಆಸ್ಪತ್ರೆಗಳ ಭದ್ರತೆಯ ಬಗ್ಗೆ ರಾಷ್ಟ್ರೀಯ ಕಾರ್ಯಪಡೆ ರಚಿಸಿತು.

ಇನ್ನು ಸಂಬಳ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ಪರವಾಗಿ ಅವರ ಸಂಘ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2016ರ ಜನವರಿಯಲ್ಲಿ ಕೋರ್ಟು ಒಂದು ಸಮಿತಿ ಮಾಡುವಂತೆ ಕೇಂದ್ರ ಸರ್ಕಾರಕ್ಕೆ ಹೇಳಿತು. ಸಮಿತಿ ಹೇಳಿದ್ದು ಇಷ್ಟು: 200ಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆ ಸರ್ಕಾರಿ ನರ್ಸಿನಷ್ಟೇ ಸಂಬಳ ಕೊಡಬೇಕು. 100ರ ಮೇಲಿದ್ದರೆ ನೂರಕ್ಕೆ 10ಕ್ಕಿಂತ, 50ರಿಂದ 100 ಇದ್ದರೆ ನೂರಕ್ಕೆ 25ಕ್ಕಿಂತ ಹೆಚ್ಚು ಕಡಿತ ಕೂಡದು. 50ಕ್ಕಿಂತ ಚಿಕ್ಕದಾದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು. ಆದರೆ ಇದು ಶಿಫಾರಸು. ಶಿಫಾರಸು ಎಂದರೆ ಉದ್ರಿ ಚೀಟಿ. ವಸೂಲಿಗೆ ಜನ ಬೇಕು.

ವಸೂಲಿ ಮಾಡಿದವರು ಪಕ್ಕದ ಕೇರಳದಲ್ಲಿದ್ದಾರೆ. ಅಲ್ಲಿ 2011ರಲ್ಲಿ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳು ತಮ್ಮದೇ ಸಂಘ ಕಟ್ಟಿದರು. 2017ರಲ್ಲಿ ಮುಷ್ಕರ ಹೂಡಿದರು. ಮುಖ್ಯಮಂತ್ರಿ ಕರೆದು ಕೂರಿಸಿ 20,000ಕ್ಕೆ ಒಪ್ಪಿಸಿದರು. 2018ರ ಏಪ್ರಿಲಿನಲ್ಲಿ ಅದು ಸರ್ಕಾರದ ಅಧಿಸೂಚನೆಯೇ ಆಯಿತು. ಕೋರ್ಟಿನ ಮಾತು ಎಲ್ಲ ರಾಜ್ಯಕ್ಕೂ ಒಂದೇ ಆಗಿತ್ತು. ಅಲ್ಲಿ ಸಂಘ ಇತ್ತು. ವ್ಯತ್ಯಾಸವಾದದ್ದು ಅಲ್ಲಿ. ಅದೇ ಹೊತ್ತಿಗೆ, 2016ರಲ್ಲಿ, ಕೇಂದ್ರದ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಎಂಬ ಹೆಸರು ಹೋಗಿ ನರ್ಸಿಂಗ್ ಆಫೀಸರ್ ಎಂದಾಯಿತು. ಹೆಸರು ದೊಡ್ಡದಾದದ್ದಕ್ಕೆ ಸಂತೋಷ. ಆದರೆ ಬಿರುದಿನಿಂದ ರೇಷನ್ ಬರುವುದಿಲ್ಲ. ಗುತ್ತಿಗೆಯ ಮೇಲೆ ವರ್ಷ ವರ್ಷ ಸಹಿ ಹಾಕುವವಳಿಗೆ ಆಫೀಸರೆಂದು ಕರೆಸಿಕೊಂಡು ಏನಾಗಬೇಕು?

ಈಗ ನಮ್ಮ ತಪ್ಪೊಂದನ್ನು ಹೇಳಬೇಕು. ನಾವು ಮೇಷ್ಟರಾಗಿದ್ದಾಗ ನಮ್ಮಲ್ಲಿ ಓದಿದ ಒಬ್ಬ ಹುಡುಗಿ ಜಿ.ಎನ್.ಎಂ. ಮುಗಿಸಿ ಒಂದು ಆಸ್ಪತ್ರೆಗೆ ಸೇರಿದಳು. ಅದರ ಹೆಸರು ಬೇಡ. ಅವಳ ಅಪ್ಪ ಸಂತೆಯಲ್ಲಿ ಮೆಣಸಿನಕಾಯಿ ಮಾರಿ ಓದಿಸಿದವನು. ಸೇರುವಾಗ ಆಸ್ಪತ್ರೆಯವರು ಎರಡು ವರ್ಷದ ಬಾಂಡಿಗೆ ಸಹಿ ಹಾಕಿಸಿ, ಅಸಲು ಅಂಕಪಟ್ಟಿಗಳನ್ನು ತಮ್ಮಲ್ಲೇ ಇಟ್ಟುಕೊಂಡರು. ಅಪ್ಪ ನಮ್ಮನ್ನು ಕೇಳಿದ. 'ದೊಡ್ಡ ಆಸ್ಪತ್ರೆ, ಸಹಿ ಹಾಕಿಸಪ್ಪ' ಎಂದು ನಾವೇ ಹೇಳಿದೆವು. ವರ್ಷದ ಮೇಲೆ ಅವಳಿಗೆ ಸರ್ಕಾರಿ ಕೆಲಸಕ್ಕೆ ಕರೆ ಬಂತು. ಅಸಲು ಕಾಗದ ತೋರಿಸಬೇಕು. ಆಸ್ಪತ್ರೆಯವರು ಹಣ ಕಟ್ಟಿ ತೆಗೆದುಕೊಂಡು ಹೋಗಿ ಎಂದರು. ಅಪ್ಪನ ಜೊತೆ ನಾವೂ ಹೋದೆವು. ಮ್ಯಾನೇಜರು, 'ಮೇಷ್ಟ್ರೇ, ಅವಳೇ ಸಹಿ ಹಾಕಿದ್ದಾಳಲ್ಲ' ಎಂದು ಬಾಂಡು ತೋರಿಸಿದ. ಹಣ ಹೊಂದಿಸಿ ಕಾಗದ ಬಿಡಿಸುವ ಹೊತ್ತಿಗೆ ತೋರಿಸುವ ದಿನ ದಾಟಿಹೋಗಿತ್ತು. ಹೊರಗೆ ಬಂದು ಆ ಅಪ್ಪ ಒಂದೇ ಮಾತು ಹೇಳಿದ: 'ಓದ್ಸಿದ್ದು ನಾನು ಮೇಷ್ಟ್ರೇ, ಕಾಗದ ಮಾತ್ರ ಅವರ ಬೀರುನಲ್ಲಿತ್ತು.' ಆ ಮಾತು ಇವತ್ತಿಗೂ ನಮ್ಮನ್ನು ಚುಚ್ಚುತ್ತದೆ. ಓದು ಕಲಿಸಿದ ನಾವು ಬಾಂಡು ಓದಲು ಕಲಿಸಿರಲಿಲ್ಲ.

ಆದ್ದರಿಂದ ಇಲ್ಲಿರುವ ಹೆಣ್ಣುಮಕ್ಕಳಿಗೂ ಅವರ ತಂದೆತಾಯಿಗಳಿಗೂ ಕೆಲವು ಮಾತು. ನರ್ಸ್ ಆಗುವ ಗಂಡುಮಕ್ಕಳೂ ಕೇಳಿ.

ಅಸಲು ಪತ್ರವನ್ನು ತೋರಿಸಿ, ಕೊಡಬೇಡಿ. ನಕಲು ಸಾಕು. ನೇಮಕದ ಆದೇಶ ಬರವಣಿಗೆಯಲ್ಲಿ ಪಡೆಯಿರಿ. ಸಂಬಳ ಬ್ಯಾಂಕಿನ ಮೂಲಕ ಬರಲಿ. ಸಹಿ ಮಾಡುವ ಕಾಗದ ಇಂಗ್ಲಿಷಿನಲ್ಲಿದ್ದರೆ ಬಲ್ಲವರಿಂದ ಓದಿಸಿ. ನಿಮ್ಮ ಪಾಳಿಗಳನ್ನು ನಿಮ್ಮದೇ ಪುಸ್ತಕದಲ್ಲಿ ಬರೆದಿಡಿ. ಅಂಗಡಿಯವರಿಗೆ ಗೊತ್ತು, ಲೆಕ್ಕ ಇಟ್ಟವನಿಗೆ ನ್ಯಾಯ ಕೇಳಲು ಬಾಯಿ ಇರುತ್ತದೆ.

ಕೆಲಸ ಮಾಡುವಾಗ ಸೂಜಿ ಚುಚ್ಚಿಕೊಂಡರೆ ಮುಚ್ಚಿಡಬೇಡಿ. ಕೂಡಲೇ ತಿಳಿಸಿ, ದಾಖಲು ಮಾಡಿಸಿ. ಎಚ್.ಐ.ವಿ. ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, ತಡವೆಂದರೂ 72 ಗಂಟೆಯೊಳಗೆ ಶುರು ಮಾಡಬೇಕು. ಹೆಪಟೈಟಿಸ್ ಬಿ ಲಸಿಕೆಯನ್ನು ಕೆಲಸಕ್ಕೆ ಸೇರುವಾಗಲೇ ಹಾಕಿಸಿಕೊಳ್ಳಿ.

ಬಸುರಾದಳೆಂದು ಕೆಲಸದಿಂದ ತೆಗೆಯುವಂತಿಲ್ಲ. ಹತ್ತು ಜನ ದುಡಿಯುವ ಜಾಗದಲ್ಲಿ, ಹೆರಿಗೆಗೆ ಮುಂಚಿನ ವರ್ಷದಲ್ಲಿ 80 ದಿನ ಕೆಲಸ ಮಾಡಿದ್ದರೆ, ಮೊದಲೆರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ. 2017ರಲ್ಲಿ 12 ವಾರ 26 ಆಯಿತು. 2025ರ ನವೆಂಬರಿನಲ್ಲಿ ಹಳೆಯ ಕಾರ್ಮಿಕ ಕಾಯಿದೆಗಳ ಜಾಗಕ್ಕೆ ಹೊಸ ಸಂಹಿತೆಗಳು ಬಂದವು. ಈ ಹಕ್ಕು ಅಲ್ಲಿಯೂ ಉಳಿದಿದೆ.

ಕೈ ಮುಟ್ಟಿದವನು, ಕೆಟ್ಟ ಮಾತಾಡಿದವನು ಡಾಕ್ಟರೇ ಆಗಿರಲಿ, ಮಾಲೀಕನೇ ಆಗಿರಲಿ, 2013ರ ಕಾಯಿದೆಯಂತೆ ಹತ್ತು ಜನರಿರುವ ಪ್ರತಿ ಕಡೆಯೂ ದೂರು ಕೇಳುವ ಸಮಿತಿ ಇರಲೇಬೇಕು. ಮಾಲೀಕನ ಮೇಲೆಯೇ ದೂರಾದರೆ, ಅಥವಾ ಹತ್ತಕ್ಕಿಂತ ಕಡಿಮೆ ಜನರಿದ್ದರೆ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ದೂರನ್ನು ಮೂರು ತಿಂಗಳೊಳಗೆ ಕೊಡಬೇಕು. ಇನ್ನು ವಕೀಲರಿಗೆ ಹಣವಿಲ್ಲ ಎನ್ನಬೇಡಿ. ಹೆಂಗಸರಿಗೆ, ವರಮಾನ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ.

ಕಡೆಯದಾಗಿ, ಇದ್ದಲ್ಲೇ ಇರಬೇಡಿ. ಜಿ.ಎನ್.ಎಂ. ಆದವರು ಇನ್ನೆರಡು ವರ್ಷ ಓದಿ ಬಿ.ಎಸ್ಸಿ. ಪಡೆಯಬಹುದು. ವಿದೇಶಕ್ಕೆ ಕಳಿಸುತ್ತೇವೆನ್ನುವ ಏಜೆಂಟನ ಕೈಗೆ ಹೊಲ ಮಾರಿದ ಹಣ ಕೊಡುವ ಮುಂಚೆ, ಅವನು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿದವನೇ ಎಂದು ನೋಡಿ.

ಇಷ್ಟು ಹೇಳಿದರೂ ಒಂದು ಸತ್ಯ ಉಳಿಯುತ್ತದೆ. ಒಬ್ಬಳೇ ನರ್ಸ್ ಕಾಯಿದೆ ಪುಸ್ತಕ ಹಿಡಿದು ಮ್ಯಾನೇಜರ ಮುಂದೆ ನಿಂತರೆ ಮಾರನೆಯ ದಿನ ಅವಳ ಹೆಸರು ಪಾಳಿ ಪಟ್ಟಿಯಲ್ಲಿರುವುದಿಲ್ಲ. ಹತ್ತು ಜನ ನಿಂತರೆ ಮಾತು ಬೇರೆ. ಹತ್ತು ಜನರ ಹಿಂದೆ ಊರು ನಿಂತರೆ ಇನ್ನೂ ಬೇರೆ. ಸಂಘ ಕಟ್ಟುವುದು ಹೇಗೆಂದು ಗಿರಣಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಆ ವಿದ್ಯೆಯನ್ನು ಆಸ್ಪತ್ರೆಯ ಬಾಗಿಲಿಗೆ ಒಯ್ಯಿರಿ. ವ್ಯಾಪಾರಸ್ಥರು ಊರಿನ ದೊಡ್ಡವರೊಡನೆ ಕೂರುವವರು; ಆಸ್ಪತ್ರೆಯ ಮಾಲೀಕರನ್ನು ಕಂಡಾಗ ಎಷ್ಟು ನರ್ಸ್‌ಗಳಿದ್ದಾರೆ, ಎಷ್ಟು ಕೊಡುತ್ತೀರಿ, ರಾತ್ರಿ ಮಲಗಲು ಕೋಣೆ ಇದೆಯೇ ಎಂದು ಕೇಳಿ. ಮತ್ತೆ ನಾವೆಲ್ಲರೂ, ರೋಗಿ ತೀರಿಹೋದಾಗ ಎದುರಿಗೆ ಸಿಕ್ಕ ನರ್ಸಿನ ಮೇಲೆ ಕೈ ಎತ್ತುವುದನ್ನು ನಿಲ್ಲಿಸಬೇಕು. ಅದನ್ನು ಅಪರಾಧವೆಂದು ಕರ್ನಾಟಕದಲ್ಲಿ 2009ರಲ್ಲೇ ಕಾಯಿದೆ ಮಾಡಲಾಗಿದೆ. ಆದರೆ ಕಾಯಿದೆಗೆ ಹೆದರಿ ಅಲ್ಲ, ಅವಳು ನಮ್ಮವಳೆಂದು ನಿಲ್ಲಿಸಬೇಕು.

ಈ ಮೊಸಳೆಯಲ್ಲಿ ಹೊಯ್ಸಳರು ಎರಡು ಗುಡಿ ಕಟ್ಟಿದ್ದಾರೆ. ನಾಗೇಶ್ವರ ಒಂದು, ಚೆನ್ನಕೇಶವ ಒಂದು. ಪಕ್ಕಪಕ್ಕದಲ್ಲೇ, ಒಂದೇ ಅಳತೆ, ಒಂದೇ ರೂಪ. ಇದು ಹೆಚ್ಚು, ಅದು ಕಡಿಮೆ ಎನ್ನುವಂತಿಲ್ಲ. ಆಸ್ಪತ್ರೆಯಲ್ಲಿ ಗುಣವಾಗಿ ಬಂದವನೂ ಹೀಗೆಯೇ ಎರಡು ಕೈಗಳಿಂದ ಉಳಿದವನು. ಮದ್ದು ಬರೆದ ಕೈ ಒಂದು, ರಾತ್ರಿಯೆಲ್ಲ ಎದ್ದಿದ್ದು ಆ ಮದ್ದು ಕುಡಿಸಿದ ಕೈ ಇನ್ನೊಂದು. ಮೊದಲನೆಯ ಕೈಗೆ ನಾವು ಮರ್ಯಾದೆಯನ್ನೂ ಕೊಟ್ಟೆವು, ಹಣವನ್ನೂ ಕೊಟ್ಟೆವು. ಎರಡನೆಯ ಕೈಗೆ ನಮಸ್ಕಾರ ಮಾತ್ರ ಮಾಡಿದ್ದೇವೆ. ಬಾಕಿ ಉಳಿದಿದೆ. ಆ ಬಾಕಿ ತೀರಿಸುವ ಕೆಲಸಕ್ಕೆ ಇವತ್ತಿನಿಂದ ಕೈ ಹಾಕೋಣ.