ಬಾಲ್ಯದ ಸವಿಯೂ ಕಾಯಕದ ಕೈಯೂ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ವಯಸ್ಸು ಮಾಗಿದಂತೆ ಮನುಷ್ಯನಲ್ಲಿ ಬಾಲ್ಯದ ಸ್ಮರಣೆಯು ಬಲಗೊಳ್ಳುವದು ಸಹಜವು. ಜಾತ್ರೆಗೆ ಕೂಡಿದ ಹಿರಿಯರ ಬಾಯಲ್ಲಿ “ಆಗಿನ ಸವಿ ಈಗ ಎಲ್ಲಿಯದು?” ಎಂಬ ಮಾತು ತಪ್ಪದೆ ಕೇಳಿಬರುವದು. ಆ ಸವಿಯು ಯಾತರಲ್ಲಿತ್ತು, ಅದು ಕುಂದಲು ಕಾರಣವೇನು ಎಂಬುದನ್ನು ಸ್ವಲ್ಪ ವಿಚಾರಿಸುವದು ಯೋಗ್ಯವಾಗಿದೆ.

ಉತ್ತರ ಕರ್ನಾಟಕದ ಹಳ್ಳಿಯ ಮಕ್ಕಳು ವರ್ಷದ ತಿಥಿಗಳನ್ನು ಕೈಗೆ ಬರುವ ವಸ್ತುಗಳಿಂದಲೇ ಎಣಿಸುತ್ತಿದ್ದರು. ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂದಿತೆಂದರೆ ಕುಂಬಾರನು ಮಣ್ಣಿನ ಜೋಡೆತ್ತುಗಳನ್ನು ಮನೆಮನೆಗೆ ತರುವನು. ಮನೆಯಾಕೆಯು ಮೊರದಲ್ಲಿ ಜೋಳವನ್ನು ತಂದು ನೀಡುವಳು. ಶ್ರಾವಣದ ನಾಗರ ಪಂಚಮಿಗೆ ಜೋಕಾಲಿಯೂ ಎಳ್ಳು, ಶೇಂಗಾ, ಅಳ್ಳುಗಳ ಉಂಡಿಗಳೂ ಬರುವವು. ಕಾರ್ತಿಕದ ಗೌರಿ ಹುಣ್ಣಿಮೆಗೆ ಸಕ್ಕರೆಯ ಆರತಿ. ಬಡಿಗನು ಕೆತ್ತಿದ ಕಟ್ಟಿಗೆಯ ಅಚ್ಚಿನ ಎರಡು ಹೋಳುಗಳನ್ನು ನೀರಿನಲ್ಲಿ ನೆನೆಯಿಸಿ, ಬಿಗಿದು ಕಟ್ಟಿ, ಕಾಯ್ದ ಪಾಕವನ್ನು ಹೊಯ್ಯುವರು. ಆರಿದ ಬಳಿಕ ಅಚ್ಚನ್ನು ಬಿಚ್ಚಲು ಆನೆ, ನವಿಲು, ತೇರು, ಗೋಪುರಗಳು ಬೆಳ್ಳಗೆ ಹೊರಬರುವವು. ಹೆಣ್ಣುಮಕ್ಕಳು ಅವನ್ನು ತಟ್ಟೆಯಲ್ಲಿರಿಸಿ, ಹಾಡುತ್ತ ಗೌರಿಯನ್ನು ಬೆಳಗಲು ಹೋಗುವರು. ಜಾತ್ರೆಯಲ್ಲಿಯಾದರೋ ಪಲ್ಲಕ್ಕಿಯ ಮುಂದೆ ಕರಡಿ ಮಜಲು. ಕರಡಿ ವಾದ್ಯದ ಗುಡುಗಿಗೆ ಸನಾದಿಯ ಇಂಪು ಸೇರಿ ಎಳೆಯರ ಎದೆ ಝಲ್ಲೆನ್ನುವದು.

ಜಾತ್ರೆಯಲ್ಲಿ ಮಾರುವ ಗೊಂಬೆಯ ಹಿಂದಾದರೂ ಎಷ್ಟು ಶ್ರಮವುಂಟು! ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರು ಹಗುರಾದ ಕಟ್ಟಿಗೆಯನ್ನು ಕೆತ್ತಿ, ಗೋಣಿಯ ನಾರಿನ ಪುಡಿಯನ್ನು ಹುಣಿಸೆಬೀಜದ ಅಂಟಿನಲ್ಲಿ ಕಲಸಿ ಸಂದುಗಳನ್ನು ತುಂಬುವರು. ಅದರ ಮೇಲೆ ಆಭರಣಗಳನ್ನು ಉಬ್ಬಿಸಿ ಬಣ್ಣವಿಡುವರು.

ಬಂಧುಗಳೇ, ಇಷ್ಟನ್ನು ಗಮನಿಸಿದರೆ ಒಂದು ತತ್ತ್ವವು ತಾನೇ ಹೊಳೆಯುವದು. ಬಾಲ್ಯದ ಸವಿಯೊಳಗೆ ಕುಂಬಾರ, ಬಡಿಗ, ಚಿತ್ರಗಾರ, ವಾದ್ಯಗಾರ ಇವರೆಲ್ಲರ ಕಾಯಕವು ಅಡಗಿತ್ತು. ಮೊರದ ಜೋಳ ನಿಂತರೆ ಮಣ್ಣೆತ್ತು ನಿಲ್ಲುವದು. ಅಚ್ಚು ಅಟ್ಟವನ್ನೇರಿದರೆ ಆರತಿಯು ಅಂಗಡಿಯ ಸರಕಾಗುವದು. ಹಿರಿಯರು ಹಳೆಯ ಗೊಂಬೆಯನ್ನು ನೆನೆದು ನಿಟ್ಟುಸಿರಿಡುವರು. ಆದರೆ ಮೊಮ್ಮಗನಿಗೆ ಪ್ಲಾಸ್ಟಿಕಿನ ಆಟಿಗೆಯನ್ನು ಕೊಂಡು, ಕಿನ್ನಾಳದ ಗೊಂಬೆಗೆ ಮಾತ್ರ ಚೌಕಾಶಿ ಮಾಡುವರು. ಇಂಥ ನಿಟ್ಟುಸಿರಿನಿಂದ ಯಾವ ಚಿತ್ರಗಾರನ ಒಲೆಯೂ ಉರಿಯಲಾರದು.

ಸ್ಮರಣೆಯು ಕಾರ್ಯರೂಪಕ್ಕೆ ಬಂದರೆ ಏನಾಗಬಲ್ಲದೆಂಬುದಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮವೇ ನಿದರ್ಶನ. ಹಾನಗಲ್ಲ ಕುಮಾರ ಸ್ವಾಮಿಗಳು (1867–1930) ಒಬ್ಬ ಅಂಧ ಬಾಲಕನ ಕಂಠವನ್ನು ಮೆಚ್ಚಿ ಸಂಗೀತವನ್ನು ಕಲಿಸುವ ಏರ್ಪಾಡು ಮಾಡಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳು (1892–1944). ಅವರು ಅಂಧರಿಗೂ ಅನಾಥರಿಗೂ ಅನ್ನವನ್ನಿಟ್ಟು ಗಾನವನ್ನು ಧಾರೆಯೆರೆದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಅದನ್ನೇ ಮುಂದುವರಿಸಿದರು. ಅಲ್ಲಿ ಕಲಿಸುವ ಗುರುವಿದ್ದನು, ಕಲಿಯುವ ಶಿಷ್ಯನಿದ್ದನು, ಇಬ್ಬರಿಗೂ ದಾಸೋಹವಿತ್ತು. ಈ ಮೂರೂ ಕೂಡಿದ್ದರಿಂದಲೇ ಆ ನಾದವು ಉಳಿಯಿತು.

ಕೈಗಸುಬಿಗೂ ಇದೇ ನ್ಯಾಯವು ಅನ್ವಯಿಸುವದು. ಅಟ್ಟದ ಮೇಲಿನ ಅಚ್ಚು ಈ ಗೌರಿ ಹುಣ್ಣಿಮೆಗೆ ಕೆಳಗಿಳಿಯಲಿ. ಅಜ್ಜಿಯು ಪಾಕದ ಹದವನ್ನು ಮೊಮ್ಮಗಳ ಕೈಗೆ ಕಲಿಸಲಿ. ಜಾತ್ರೆಯಲ್ಲಿ ಗೊಂಬೆಗಾರನಿಗೆ ನೆರಳುಳ್ಳ ಎಡೆಯೂ ನ್ಯಾಯವಾದ ಬೆಲೆಯೂ ದೊರೆಯಲಿ. ಕರಡಿ ಬಾರಿಸುವ ಮುದುಕನ ಬಳಿ ಇಬ್ಬರು ಹುಡುಗರಾದರೂ ಕುಳಿತು ಕಲಿಯಲಿ. ಇಂದಿನ ಮಕ್ಕಳಿಗೂ ಮುಂದೆ ನೆನೆಯಲು ಒಂದು ಬಾಲ್ಯವು ಬೇಕಷ್ಟೆ. ಅದನ್ನು ಒದಗಿಸುವ ಭಾರವು ಹಿರಿಯರದು.

ಸರ್ವರಿಗೂ ಮಂಗಳವಾಗಲಿ.