ಸೂರು ತಡೆಯಬೇಕಾದ ಬಿಸಿಲು

ಏಪ್ರಿಲ್ ತಿಂಗಳ ಒಂದು ರಾತ್ರಿ, ಊಟವಾದ ಮೇಲೆ, ಸ್ಟೂಲು ಹತ್ತಿ ನಿಮ್ಮ ಮನೆಯ ಸೂರಿಗೆ ಅಂಗೈ ಇಟ್ಟು ನೋಡಿ. ಮೇಲಂತಸ್ತಿನ ಆರ್‌ಸಿಸಿ ಮನೆಯಾದರೆ, ಹೊತ್ತು ಮುಳುಗಿ ಮೂರು ಗಂಟೆ ಕಳೆದಿದ್ದರೂ ಅದು ಆಗಷ್ಟೇ ಒಲೆಯಿಂದ ಇಳಿಸಿದ ಕಾವಲಿಯ ಹಾಗೆ ಬೆಚ್ಚಗಿರುತ್ತದೆ. ಹೊರಗೆ ರಸ್ತೆಯಲ್ಲಿ ಗಾಳಿ ಹಾಯೆನಿಸುತ್ತಿರುತ್ತದೆ. ಒಳಗೆ ಫ್ಯಾನು ತಿರುಗಿದಷ್ಟೂ ಬಿಸಿಗಾಳಿ. ಅಂಥದೊಂದು ಮನೆಯಲ್ಲಿ ನಾನು ಹಲವು ಬೇಸಿಗೆ ಕಳೆದಿದ್ದೇನೆ. ಆ ಮನೆಗೆ ನಕ್ಷೆ ಇತ್ತು, ನಕ್ಷೆಗೆ ಮಂಜೂರಾತಿ ಇತ್ತು. ರಸ್ತೆಯಿಂದ ಎಷ್ಟು ಅಡಿ ಬಿಡಬೇಕು, ಎಷ್ಟು ಎತ್ತರ ಕಟ್ಟಬಹುದು, ಮೆಟ್ಟಿಲು ಎಷ್ಟು ಅಗಲವಿರಬೇಕು, ಎಲ್ಲಕ್ಕೂ ನಿಯಮವಿತ್ತು. ಈ ಸೂರಿನಿಂದ ಎಷ್ಟು ಬಿಸಿಲು ಒಳಗಿಳಿಯುತ್ತದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಇವತ್ತು ನಮ್ಮ ದೇಶದಲ್ಲಿ ಆ ಪ್ರಶ್ನೆಯನ್ನು ಕೇಳುವ ಕಾನೂನು ಇದೆ. ಅದು ಏನು ಹೇಳುತ್ತದೆ, ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಇನ್ನೂ ಕೈಗೆ ಸಿಕ್ಕಿಲ್ಲ, ಇದೇ ಇಂದಿನ ಮಾತು.

ಮೊದಲು ಒಂದು ಸಣ್ಣ ಲೆಕ್ಕ. ಗೋಡೆಯಾಗಲಿ ಸೂರಾಗಲಿ ಶಾಖವನ್ನು ಎಷ್ಟು ಬಿಟ್ಟುಕೊಡುತ್ತದೆ ಎಂಬುದಕ್ಕೆ ಎಂಜಿನಿಯರುಗಳು ‘ಯು-ಮೌಲ್ಯ’ ಅನ್ನುತ್ತಾರೆ. ಒಂದು ಚದರ ಮೀಟರ್ ಜಾಗದ ಒಳಬದಿಗೂ ಹೊರಬದಿಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಎಷ್ಟು ವ್ಯಾಟ್ ಶಾಖ ದಾಟುತ್ತದೆ, ಅದೇ ಯು-ಮೌಲ್ಯ. ಏನೂ ಹೊದಿಸದ ಬರಿಯ ಕಾಂಕ್ರೀಟ್ ಸೂರಿಗೆ ಇದು 3ರ ಆಸುಪಾಸಿನಲ್ಲಿರುತ್ತದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಮನೆ ಎಂದಿಟ್ಟುಕೊಳ್ಳಿ. ಬಿಸಿಲಿಗೆ ಕಾದ ತಾರಸಿಗೂ ಕೆಳಗಿನ ಕೋಣೆಗೂ 20 ಡಿಗ್ರಿ ವ್ಯತ್ಯಾಸ ಎಂದಿಟ್ಟುಕೊಳ್ಳಿ. ನಮ್ಮ ಬೇಸಿಗೆಗೆ ಇದು ಹೆಚ್ಚಿನ ಅಂದಾಜೇನಲ್ಲ. ನೂರು ಚದರ ಮೀಟರ್, ಮೂರು ವ್ಯಾಟ್, ಇಪ್ಪತ್ತು ಡಿಗ್ರಿ: ಗುಣಿಸಿದರೆ 6000 ವ್ಯಾಟ್.

ಈ ಅಂಕಿ ಕಣ್ಣಿಗೆ ಕಟ್ಟಬೇಕಾದರೆ ಮಂಜುಗಡ್ಡೆಯನ್ನು ನೆನೆಯಬೇಕು. ಏಸಿ ಅಂಗಡಿಯಲ್ಲಿ ‘ಒಂದು ಟನ್’, ‘ಒಂದೂವರೆ ಟನ್’ ಅನ್ನುತ್ತಾರಲ್ಲ, ಅದು ಯಂತ್ರದ ತೂಕವಲ್ಲ. ಹಿಂದೆ ದೊಡ್ಡ ಕಟ್ಟಡಗಳನ್ನು ಮಂಜುಗಡ್ಡೆಯ ದಿಮ್ಮಿಗಳಿಂದ ತಂಪು ಮಾಡುತ್ತಿದ್ದ ಕಾಲದ ಮಾತು ಅದು. ಸುಮಾರು 900 ಕಿಲೋ ಮಂಜುಗಡ್ಡೆ ಇಪ್ಪತ್ತನಾಲ್ಕು ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಹೊರದಬ್ಬುವ ಏಸಿ ಒಂದು ಟನ್ನಿನದು. ಈಗ ನಮ್ಮ ಸೂರಿಗೆ ಬನ್ನಿ. ಅದರಿಂದ ಇಳಿಯುವ 6000 ವ್ಯಾಟ್ ಶಾಖವನ್ನು ಹೀರಬೇಕಾದರೆ ಗಂಟೆಗೆ 60 ಕಿಲೋಗೂ ಮೀರಿ ಮಂಜುಗಡ್ಡೆ ಕರಗಬೇಕು. ಒಂದೂವರೆ ಟನ್ನಿನ ಏಸಿಯ ಶಕ್ತಿಯೆಲ್ಲ ಸೂರೊಂದಕ್ಕೇ ಸವೆದುಹೋಯಿತು. ಗೋಡೆ, ಕಿಟಕಿ, ಮನೆಯ ಜನ, ಅಡುಗೆಯ ಒಲೆ ಇನ್ನೂ ಬಾಕಿ. ಅದೇ ಸೂರಿನ ಯು-ಮೌಲ್ಯವನ್ನು 1.2ಕ್ಕೆ ಇಳಿಸಿದರೆ ಗಂಟೆಗೆ 26 ಕಿಲೋ ಮಂಜುಗಡ್ಡೆ ಸಾಕು.

ಈ 1.2 ಎಂಬ ಅಂಕಿ ನನ್ನದಲ್ಲ. ವಾಸದ ಕಟ್ಟಡಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ಹೊರತಂದ ‘ಇಕೋ ನಿವಾಸ್ ಸಂಹಿತಾ’ ಸೂರಿಗೆ ಹಾಕಿದ ಗೆರೆ ಅದು.

ಈ ಗೆರೆಗೆ ಬರುವ ತನಕ ನಡೆದ ದಾರಿ ಸಾಕಷ್ಟು ಉದ್ದದ್ದು. 2001ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ಬಂತು. ಮರುವರ್ಷ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ ಹುಟ್ಟಿತು; ನಿಮ್ಮ ಫ್ರಿಜ್ಜಿನ ಬಾಗಿಲ ಮೇಲೆ ನಕ್ಷತ್ರಗಳ ಚೀಟಿ ಇದೆಯಲ್ಲ, ಅದರ ಹಿಂದಿರುವ ಸಂಸ್ಥೆ. 2007ರಲ್ಲಿ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಬಂತು. ಅದು ವಾಣಿಜ್ಯ ಕಟ್ಟಡಗಳಿಗೆ, ಅಂದರೆ ಕಚೇರಿ, ಆಸ್ಪತ್ರೆ, ಹೋಟೆಲು, ಮಾಲುಗಳಿಗೆ. 2017ರಲ್ಲಿ ಅದನ್ನು ಬಿಗಿ ಮಾಡಿ ಮೂರು ಮೆಟ್ಟಿಲು ಕಟ್ಟಿದರು. ಮೊದಲ ಮೆಟ್ಟಿಲು ಏರಿದ ಕಟ್ಟಡ ಸಾಮಾನ್ಯ ಕಟ್ಟಡಕ್ಕಿಂತ ನೂರಕ್ಕೆ 25ರಷ್ಟು ವಿದ್ಯುತ್ ಉಳಿಸಬೇಕು, ಎರಡನೆಯದು 35ರಷ್ಟು, ಮೂರನೆಯದು ಅರ್ಧಕ್ಕರ್ಧ. 2022ರ ತಿದ್ದುಪಡಿ ದೊಡ್ಡ ವಸತಿ ಕಟ್ಟಡಗಳನ್ನೂ ಕಾಯ್ದೆಯ ತೆಕ್ಕೆಗೆ ತಂದಿತು.

‘ದೊಡ್ಡ’ ಅಂದರೆ ಎಷ್ಟು? ವಿದ್ಯುತ್ ಸಂಪರ್ಕದ ಹೊರೆ 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ಇರುವ ಕಟ್ಟಡ. ಇಪ್ಪತ್ತೈದು ಮೂವತ್ತು ಮನೆಗಳ ಅಪಾರ್ಟ್‌ಮೆಂಟು ಈ ಗೆರೆಯನ್ನು ಮುಟ್ಟುತ್ತದೆ. ಮೂವತ್ತು-ನಲವತ್ತರ ಸೈಟಿನಲ್ಲಿ ಮೂರಂತಸ್ತು ಎಬ್ಬಿಸಿ ಬಾಡಿಗೆಗೆ ಕೊಡುವ ಮನೆ ಮುಟ್ಟುವುದಿಲ್ಲ. ನಮ್ಮ ಊರುಗಳು ಬೆಳೆಯುತ್ತಿರುವುದು ಬಹುಮಟ್ಟಿಗೆ ಅಂಥ ಮನೆಗಳಿಂದಲೇ, ಹೆಚ್ಚು ಬೇಯುವವರೂ ಅಲ್ಲಿನ ಮೇಲಂತಸ್ತಿನ ಬಾಡಿಗೆದಾರರೇ. ರಾಜ್ಯಗಳು ಬೇಕಿದ್ದರೆ ಈ ಮಿತಿಯನ್ನು ಕೆಳಗಿಳಿಸಬಹುದು ಎಂದು ಕಾಯ್ದೆಯೇ ಹೇಳುತ್ತದೆ. ಇಳಿಸಲೇಬೇಕು ಎಂಬುದು ನನ್ನ ಅಭಿಪ್ರಾಯ. ಎಲ್ಲ ನಿಯಮಗಳನ್ನೂ ಸಣ್ಣ ಮನೆಯ ಮೇಲೆ ಹೇರುವುದು ಬೇಡ, ಸೂರಿನ ನಿಯಮವೊಂದನ್ನಾದರೂ ಹಾಕೋಣ.

ಇಕೋ ನಿವಾಸ್ ಸಂಹಿತಾದಲ್ಲಿ ನನಗೆ ಬಹಳ ಹಿಡಿಸಿದ ಭಾಗ ಕಿಟಕಿಗಳದು. ಮನೆಯ ನೆಲದ ವಿಸ್ತೀರ್ಣಕ್ಕೆ ತೆರೆಯುವ ಕಿಟಕಿ ಎಷ್ಟಿರಬೇಕು ಎಂದು ಅದು ಊರಿನ ಹವೆ ನೋಡಿ ಹೇಳುತ್ತದೆ. ದೇಶವನ್ನು ಐದು ಹವಾ ವಲಯಗಳಾಗಿ ಹಂಚಿಕೊಂಡಿದ್ದಾರೆ. ಮಂಗಳೂರು ಸೆಕೆಯ, ತೇವದ ವಲಯದ್ದು; ಅಲ್ಲಿ ನೆಲದ ಆರನೇ ಒಂದು ಭಾಗದಷ್ಟು ಕಿಟಕಿ ತೆರೆಯಬೇಕು. ಬೆಂಗಳೂರು ಸಮಶೀತೋಷ್ಣ, ಎಂಟನೇ ಒಂದು ಭಾಗ ಸಾಕು. ಅಹಮದಾಬಾದಿನಂಥ ಒಣಬಿಸಿಲ ಊರಿಗೆ ಹತ್ತನೇ ಒಂದು ಭಾಗ. ಕರಾವಳಿಯವರಿಗೆ ಇದರ ಕಾರಣ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಮೈಯ ಬೆವರು ಆರದಿರುವುದೇ ಸಂಕಟ, ಗಾಳಿಯಾಡಿದರೆ ಅರ್ಧ ಸೆಕೆ ಹೋದ ಹಾಗೆ. ಅಹಮದಾಬಾದಿನ ಮೇ ತಿಂಗಳ ನಡುಹಗಲಲ್ಲಿ ಬೀಸುವ ಗಾಳಿಯೇ ಬಿಸಿ, ಅದನ್ನು ಹೊರಗಿಡುವುದೇ ಜಾಣತನ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಮನೆಗಳ ಮೇಲೆ ಹರಡಿಕೊಂಡ ಆ ಕೆಂಪು ಹೆಂಚುಗಳ ಸಂದಿಯಲ್ಲೂ ಗಾಳಿ ನುಸುಳುತ್ತದೆ. ಬಯಲುಸೀಮೆಯ ಮೇಲ್ಮುದ್ದೆ ಮನೆಯ ದಪ್ಪ ಮಣ್ಣಿನ ಸೂರು, ಗೋಡೆಯ ಸಣ್ಣ ಗವಾಕ್ಷಿ, ಇವು ಬೇರೆಯೇ ಬಿಸಿಲಿಗೆ ಕೊಟ್ಟ ಉತ್ತರ. ಎರಡೂ ಕಡೆ ಒಂದೇ ಕಾಂಕ್ರೀಟ್ ಪೆಟ್ಟಿಗೆ ಎಬ್ಬಿಸತೊಡಗಿದ ಮೇಲೆ ಈ ತಿಳಿವಳಿಕೆ ನಮ್ಮ ಕೈಬಿಟ್ಟಿತ್ತು. ಅದು ಈಗ ಅಂಕಿಯ ರೂಪದಲ್ಲಿ ಸರ್ಕಾರಿ ಕಾಗದಕ್ಕೆ ಮರಳಿದೆ ಎಂದರೆ ನನಗೆ ನಿಜಕ್ಕೂ ಸಂತೋಷ.

ಗೋಡೆ ಮತ್ತು ಗಾಜಿಗೆ ಇನ್ನೊಂದು ಅಳತೆ ಇದೆ, ಆರ್‌ಇಟಿವಿ ಎಂದು ಅದರ ಹೆಸರು. ಮೂರು ದಾರಿಗಳಿಂದ ಬರುವ ಶಾಖವನ್ನು ಅದು ಒಟ್ಟು ಹಾಕುತ್ತದೆ: ಗೋಡೆಯನ್ನು ದಾಟಿ ಬರುವುದು, ಗಾಜನ್ನು ದಾಟಿ ಬರುವುದು, ಗಾಜಿನ ಮೂಲಕ ನೇರ ಬಿಸಿಲಾಗಿ ಬೀಳುವುದು. ಚಳಿ ವಲಯವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಈ ಮೊತ್ತ ಹೊರಮೈಯ ಪ್ರತಿ ಚದರ ಮೀಟರಿಗೆ ಸರಾಸರಿ 15 ವ್ಯಾಟ್ ಮೀರಬಾರದು. ಹೇಗೆ ಸಾಧಿಸುತ್ತೀರಿ ಎಂಬುದು ಕಟ್ಟುವವರಿಗೇ ಬಿಟ್ಟದ್ದು. ಗೋಡೆಗೆ ಹಗುರ ಎಎಸಿ ಬ್ಲಾಕು ಬಳಸಬಹುದು, ಕಿಟಕಿ ಚಿಕ್ಕದು ಮಾಡಬಹುದು, ಸಜ್ಜವನ್ನು ಉದ್ದಕ್ಕೆ ಚಾಚಬಹುದು. ಸಜ್ಜದ ನೆರಳಿಗೂ ಲೆಕ್ಕದಲ್ಲಿ ಅಂಕ ಉಂಟು. ಈಚಿನ ದೊಡ್ಡ ವಸತಿ ಯೋಜನೆಗಳಲ್ಲಿ ಇಟ್ಟಿಗೆ ಬಿಟ್ಟು ಗೋಡೆಯನ್ನೂ ಕಾಂಕ್ರೀಟಿನಲ್ಲೇ ಎರಕ ಹೊಯ್ಯುತ್ತಾರೆ. ಕೆಲಸ ಬೇಗ ಮುಗಿಯುತ್ತದೆ. ಆದರೆ ಅಂಥ ಗೋಡೆ ಇಟ್ಟಿಗೆ ಗೋಡೆಗಿಂತ ಹೆಚ್ಚು ಶಾಖ ಬಿಡುತ್ತದೆ. ಮನೆ ಕೊಳ್ಳುವವರು ಇದನ್ನು ತಿಳಿದಿರುವುದು ಒಳ್ಳೆಯದು.

ವಾಣಿಜ್ಯ ಕಟ್ಟಡಗಳ ಸಂಹಿತೆ ಗಾಜಿನ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಸಾಮಾನ್ಯವಾಗಿ ಹೊರಗೋಡೆಯಲ್ಲಿ ಗಾಜು ನೂರಕ್ಕೆ 40 ಭಾಗ ದಾಟುವಂತಿಲ್ಲ. ಹಗಲಿನ ಹವೆ ಇಷ್ಟು ಹಿತವಾಗಿರುವ ಬೆಂಗಳೂರಿನಲ್ಲಿ, ತೆರೆಯಲು ಒಂದು ಕಿಟಕಿಯೂ ಇಲ್ಲದ ಗಾಜಿನ ಗೋಪುರಗಳು ವರ್ಷವಿಡೀ ಏಸಿ ಉರಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಬೇರೆ ದಾರಿ ಇಲ್ಲವೇ? ಅದೇ ಊರಿನ ದೊಮ್ಮಲೂರಿನಲ್ಲಿ ಇಂಧನ ಸಂಶೋಧನೆ ನಡೆಸುವ ಟೆರಿ ಸಂಸ್ಥೆಯ ಕಟ್ಟಡವಿದೆ, ವಾಸ್ತುಶಿಲ್ಪಿ ಸಂಜಯ್ ಮೋಹೆ ಅವರ ವಿನ್ಯಾಸ. ಅದರ ದಕ್ಷಿಣಕ್ಕೆ ನಾರುವ ಚರಂಡಿ, ಆ ದಿಕ್ಕಿನಿಂದಲೇ ಗಾಳಿ. ಅವರು ದಕ್ಷಿಣದ ಗೋಡೆಗೆ ಕಿಟಕಿ ಇಡದೆ ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾಯುತ್ತದೆ, ಅದರ ಹಿಂದಿನ ಗಾಳಿ ಬಿಸಿಯಾಗಿ ಮೇಲೇರಿ ಹೊರಬೀಳುತ್ತದೆ, ಆ ಜಾಗ ತುಂಬಲು ಉತ್ತರದ ಉದ್ಯಾನದ ಕಡೆಯಿಂದ ತಂಪು ಗಾಳಿ ಕಟ್ಟಡದೊಳಗೆ ಹರಿದುಬರುತ್ತದೆ. ಬಿಸಿಲೇ ಅಲ್ಲಿ ಬೀಸಣಿಗೆಯ ಕೆಲಸ ಮಾಡುತ್ತದೆ. ಅಡುಗೆಮನೆಯ ಹೊಗೆಗೂಡು ಬಲ್ಲವರಿಗೆ ಈ ಉಪಾಯ ಹೊಸದೆನಿಸುವುದಿಲ್ಲ.

ಏಸಿ ಬೇಕೇ ಬೇಕಾದಲ್ಲೂ ತಂಪು ಮಾಡುವ ಬಗೆ ಒಂದೇ ಅಲ್ಲ. ಹೈದರಾಬಾದಿನ ಪೋಚಾರಂನಲ್ಲಿ ಇನ್ಫೋಸಿಸ್ ಒಂದು ಕಟ್ಟಡವನ್ನು ಎರಡು ಸಮಪಾಲು ಮಾಡಿತು. ಒಂದು ಪಾಲಿಗೆ ಎಂದಿನ ಏಸಿ, ಇನ್ನೊಂದರ ಕಾಂಕ್ರೀಟ್ ಸೂರಿನೊಳಗೆ ಕೊಳವೆ ಹುದುಗಿಸಿ ತಣ್ಣೀರು ಹರಿಸುವ ವ್ಯವಸ್ಥೆ. ಒಂದೇ ಬಿಸಿಲು, ಒಂದೇ ಬಗೆಯ ಕೆಲಸ. ತಣ್ಣೀರಿನ ಪಾಲು ತಂಪು ಮಾಡಲು ಬಳಸಿದ ವಿದ್ಯುತ್ ಸುಮಾರು ಮೂರನೇ ಒಂದು ಭಾಗ ಕಡಿಮೆ. ಮಾತಿನಲ್ಲಿ ವಾದಿಸುವುದಕ್ಕಿಂತ ಮೀಟರು ಇಟ್ಟು ತೋರಿಸಿದ್ದು ನನಗೆ ಮೆಚ್ಚಿಗೆಯಾಯಿತು.

ಮೀಟರು ಅಂದ ಕೂಡಲೇ ನಮ್ಮ ವ್ಯವಸ್ಥೆಯ ಬಲಹೀನ ಜಾಗ, ಅಂದರೆ ಅಳೆದು ಪರಿಶೀಲಿಸುವ ಕೆಲಸ, ಎದುರಾಗುತ್ತದೆ. ಸಂಹಿತೆ ಬರೆಯುವುದು ಕೇಂದ್ರ. ಅದನ್ನು ತನ್ನ ಹವೆಗೆ ಹೊಂದಿಸಿ ಅಧಿಸೂಚನೆ ಹೊರಡಿಸುವುದು ರಾಜ್ಯ. ಕರ್ನಾಟಕದಲ್ಲಿ ಇದರ ಹೊಣೆ ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ಸಂಸ್ಥೆಯಾದ ಕ್ರೆಡಲ್‌ನದು. ನಕ್ಷೆ ಪರಿಶೀಲಿಸುವುದು ನಗರಸಭೆ, ಪಾಲಿಕೆ. ಮೂರು ಕೈ ದಾಟುವಷ್ಟರಲ್ಲಿ ನಿಯಮದ ಕಾವು ಆರುತ್ತದೆ. ಯು-ಮೌಲ್ಯದ ಲೆಕ್ಕ ಓದಬಲ್ಲ ಎಂಜಿನಿಯರು ಪ್ರತಿ ಪಟ್ಟಣದ ಕಚೇರಿಯಲ್ಲಿ ಬೇಕು. ನಕ್ಷೆಯಲ್ಲಿ ಬರೆದ ಶಾಖ ನಿರೋಧಕ ಪದರ ತಾರಸಿಯ ಮೇಲೆ ನಿಜವಾಗಿ ಕೂತಿದೆಯೇ ಎಂದು ಗಾರೆ ಮುಚ್ಚುವ ಮುನ್ನ ಹೋಗಿ ನೋಡುವವರು ಬೇಕು. ಮುಚ್ಚಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ.

ಇನ್ನು ಈಗಾಗಲೇ ನಿಂತಿರುವ ಕಟ್ಟಡಗಳು. ದೊಡ್ಡ ಮಟ್ಟದ ಮಾರ್ಪಾಡು, ವಿಸ್ತರಣೆ ಮಾಡಿದಾಗ ಸಂಹಿತೆ ಅವುಗಳಿಗೂ ತಗಲುತ್ತದೆ. ಅದಿಲ್ಲವಾದರೆ ಉಳಿದಿರುವುದು 2009ರಲ್ಲಿ ಶುರುವಾದ ನಕ್ಷತ್ರ ಶ್ರೇಣಿ. ವರ್ಷವೊಂದಕ್ಕೆ ಪ್ರತಿ ಚದರ ಮೀಟರಿಗೆ ಎಷ್ಟು ಯೂನಿಟ್ ಸುಟ್ಟಿತು ಎಂದು ಬಿಲ್ಲು ನೋಡಿ ಲೆಕ್ಕ ಹಾಕಿ ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ. ಅಳತೆ ಪ್ರಾಮಾಣಿಕವಾದದ್ದು, ಯಾಕೆಂದರೆ ನಕ್ಷೆಯನ್ನಲ್ಲ, ನಡೆದದ್ದನ್ನು ಅಳೆಯುತ್ತದೆ. ಆದರೆ ಅದು ಐಚ್ಛಿಕ. ಚೆನ್ನಾಗಿರುವ ಕಟ್ಟಡದವರು ಅರ್ಜಿ ಹಾಕುತ್ತಾರೆ, ಕೆಟ್ಟದಾಗಿರುವವರು ಸುಮ್ಮನಿರುತ್ತಾರೆ.

ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ಹುಡುಕಿದ ಕನ್ನಡಿಗರು ಯಾರಾದರೂ ಪರಿಚಯವಿದ್ದರೆ ಕೇಳಿ ನೋಡಿ. ಅಲ್ಲಿ ಮನೆಯ ಜಾಹೀರಾತಿನಲ್ಲೇ ಒಂದು ಅಕ್ಷರ ಇರುತ್ತದೆ, ಎ ಇಂದ ಜಿ ತನಕ. ಮಾರುವಾಗ, ಬಾಡಿಗೆಗೆ ಕೊಡುವಾಗ ಈ ಪ್ರಮಾಣಪತ್ರ ಕೊಡಲೇಬೇಕು ಎಂದು ಯುರೋಪಿಯನ್ ಒಕ್ಕೂಟ 2002ರಲ್ಲಿ ಮಾಡಿದ ನಿಯಮದಿಂದ ಬಂದದ್ದು ಅದು. ಏಪ್ರಿಲ್ 2018ರಿಂದ ಎಫ್ ಮತ್ತು ಜಿ ದರ್ಜೆಯ ಮನೆಗಳನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅಲ್ಲಿ ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. ಅವರ ಹಗೆ ಚಳಿ, ನಮ್ಮದು ಬಿಸಿಲು. ಆದರೆ ಬಾಡಿಗೆದಾರನ ಪಾಡು ಎರಡೂ ಕಡೆ ಒಂದೇ. ಸೂರು ಮನೆಯೊಡೆಯನದು, ಕರೆಂಟು ಬಿಲ್ಲು ಬಾಡಿಗೆದಾರನದು. ಸೂರು ಸರಿ ಮಾಡುವ ಖರ್ಚು ಒಬ್ಬರಿಗೆ, ಲಾಭ ಇನ್ನೊಬ್ಬರಿಗೆ ಆದಾಗ ಸೂರು ಹಾಗೇ ಉಳಿಯುತ್ತದೆ. ಈ ಗಂಟನ್ನು ಬಿಡಿಸಲು ಕಾನೂನೇ ಬೇಕು, ಒಳ್ಳೆಯ ಮನಸ್ಸೊಂದೇ ಸಾಲದು.

ನಮ್ಮ ಪಕ್ಕದ ತೆಲಂಗಾಣ 2023ರಲ್ಲಿ ತಂಪು ಸೂರಿನ ನೀತಿ ತಂದಿತು. ಸರ್ಕಾರಿ ಕಟ್ಟಡ, ವಾಣಿಜ್ಯ ಕಟ್ಟಡ, ದೊಡ್ಡ ನಿವೇಶನದ ಮನೆ, ಇವುಗಳ ತಾರಸಿಗೆ ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುವ ಬಿಳಿಯ ಲೇಪ ಅಥವಾ ಟೈಲ್ಸು ಕಡ್ಡಾಯ. ಇದು ದುಬಾರಿ ವಿದ್ಯೆಯೇನಲ್ಲ. 2019ರ ರಾಷ್ಟ್ರೀಯ ತಂಪು ಕ್ರಿಯಾ ಯೋಜನೆಯ ಅಂದಾಜಿನಂತೆ ದೇಶದ ತಂಪಿನ ಬೇಡಿಕೆ ಇಪ್ಪತ್ತು ವರ್ಷದಲ್ಲಿ ಎಂಟು ಪಟ್ಟಾಗಲಿದೆ. ಏಸಿ ಯಂತ್ರ ಹತ್ತು ವರ್ಷಕ್ಕೆ ಹಳತಾಗುತ್ತದೆ, ಇನ್ನೂ ಒಳ್ಳೆಯದು ತರಬಹುದು. ಇವತ್ತು ಎರಕ ಹೊಯ್ದ ಸೂರು ನಮ್ಮ ಮೊಮ್ಮಕ್ಕಳ ತಲೆಯ ಮೇಲೂ ಇರುತ್ತದೆ.

ಹೊಸ ಅಪಾರ್ಟ್‌ಮೆಂಟಿನಲ್ಲಿ ಮನೆ ನೋಡಲು ಹೋದವರು ಈಜುಕೊಳದ ಜೊತೆಗೆ ಎರಡು ಅಂಕಿಗಳನ್ನೂ ಕೇಳಿ: ಸೂರಿನ ಯು-ಮೌಲ್ಯ ಎಷ್ಟು, ಆರ್‌ಇಟಿವಿ ಎಷ್ಟು. ಮಾರುವವರಿಗೆ ಉತ್ತರ ಗೊತ್ತಿಲ್ಲದಿದ್ದರೂ, ಹತ್ತು ಜನ ಕೇಳಿದ ಮೇಲೆ ಹನ್ನೊಂದನೆಯವರಿಗೆ ಉತ್ತರ ಸಿಗುತ್ತದೆ. ಹಳೆಯ ಮನೆಯವರು ಫೆಬ್ರವರಿ ಮುಗಿಯುವ ಮುನ್ನ ತಾರಸಿ ಗುಡಿಸಿ ಸುಣ್ಣ ಬಳಿಯಿರಿ. ಹಣವಿದ್ದರೆ ಬಿಳಿ ಟೈಲ್ಸ್ ಚೂರು ಹಾಸಿಸಿ. ಪಡುವಣದ ಕಿಟಕಿಗೆ ಒಳಗಡೆ ದಪ್ಪ ಪರದೆ ಹಾಕಿದರೆ ಬಿಸಿಲು ಆಗಲೇ ಗಾಜು ದಾಟಿ ಒಳಗೆ ಬಂದಾಗಿರುತ್ತದೆ, ಪರದೆಯೇ ಕಾದು ಕೋಣೆಗೆ ಕಾವು ಕೊಡುತ್ತದೆ. ಆ ಪರದೆಯ ಬದಲು ಒಂದು ಬಿದಿರಿನ ತಟ್ಟಿಯನ್ನು ಕಿಟಕಿಯ ಹೊರಬದಿಗೆ ಇಳಿಬಿಡಿ. ಒಂದು ದಿನ ಪರದೆ ಇದ್ದಾಗ, ಮರುದಿನ ತಟ್ಟಿ ಇದ್ದಾಗ, ಮಧ್ಯಾಹ್ನ ಮೂರು ಗಂಟೆಗೆ ಗಾಜನ್ನು ಒಳಗಿನಿಂದ ಮುಟ್ಟಿ ನೋಡಿ, ಎರಡು ದಿನದ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ.